ಆಡಿದವರು ಆಡಿಸುವವರಾಗಬೇಕಾದರೆ: ಖಾಲಿದ್ ಜಮೀಲ್ ದಾರಿಯಿಂದ ನಮಗೆ ಏನು ಸಿಗುತ್ತದೆ?

ಬಂದರು ಮಿಡ್‌ಫೀಲ್ಡರ್:

ನಮ್ಮ ಬಂದರಿನ ಕಡೆಯ ಒಂದು ತಂಡದ ಹಿರಿಯರು ಹದಿನೇಳರ ಒಳಗಿನ ಹುಡುಗರನ್ನು ನನಗೆ ಒಪ್ಪಿಸಬೇಕು ಎಂದಿದ್ದಾರೆ. ನಾನು ಕಾಲೇಜು, ಯೂನಿವರ್ಸಿಟಿ, ಆಮೇಲೆ ಜಿಲ್ಲೆಯ ಟೂರ್ನಮೆಂಟ್‌ಗಳಲ್ಲಿ ಆಡಿದವನು. ಮಂಡಿ ಕೈಕೊಟ್ಟ ಮೇಲೆ ಬೂಟು ಬಿಚ್ಚಿಟ್ಟೆ. ಆಡುವುದು ಗೊತ್ತು. ಆಡಿಸುವುದು ಬೇರೆಯೇ ಕೆಲಸ ಅಲ್ವಾ?

ಅದಕ್ಕೇ ಆಟಗಾರನಾಗಿದ್ದು ಆಮೇಲೆ ಭಾರತ ಫುಟ್‌ಬಾಲ್ ತಂಡಕ್ಕೆ ಕೋಚ್ ಆದ ಖಾಲಿದ್ ಜಮೀಲ್ ನಡೆದು ಬಂದ ದಾರಿಯನ್ನು ಕೂತು ನೋಡಿದೆ. ಹುಟ್ಟಿದ್ದು 1977ರಲ್ಲಿ, ಕುವೈತ್‌ನಲ್ಲಿ. ಮಹೀಂದ್ರ ಯುನೈಟೆಡ್, ಏರ್ ಇಂಡಿಯಾ, ಭಾರತ ತಂಡ ಎಲ್ಲ ಕಡೆ ಮಿಡ್‌ಫೀಲ್ಡ್‌ನಲ್ಲಿ ಆಡಿದವರು. ಗಾಯಗಳು ಅವರನ್ನು ಬಿಡಲಿಲ್ಲ. 2009ರಲ್ಲಿ ಆಟ ನಿಲ್ಲಿಸಿ, ತಾವು ಆಡುತ್ತಿದ್ದ ಮುಂಬೈ ಎಫ್‌ಸಿಗೇ ಕೋಚ್ ಆದರು. ಅಲ್ಲೇ ಏಳು ವರ್ಷ. ಆಗ ದೇಶದ ಮುಖ್ಯ ಲೀಗ್ ಆಗಿದ್ದ ಐ-ಲೀಗ್‌ನ ಕಪ್ ಹತ್ತಿರಕ್ಕೂ ಬರಲಿಲ್ಲ. ದುಡ್ಡು ಕಡಿಮೆ ಇದ್ದ ತಂಡವನ್ನು ಪ್ರತಿ ವರ್ಷ ಕೆಳಗೆ ಬೀಳದ ಹಾಗೆ ಹಿಡಿದಿಟ್ಟರು. 2016ರಲ್ಲಿ ಅಲ್ಲಿಂದ ಹೊರಬಿದ್ದರು. ಅವರಿಲ್ಲದ ಮುಂದಿನ ಸೀಸನ್‌ನಲ್ಲಿ ಆ ತಂಡ ಕೊನೆಯ ಸ್ಥಾನಕ್ಕೆ ಇಳಿಯಿತು.

ಅವರು ಹೋಗಿದ್ದು ಮಿಜೋರಾಂನ ಐಜ್ವಾಲ್ ಎಫ್‌ಸಿಗೆ. ಹಿಂದಿನ ಸೀಸನ್‌ನಲ್ಲಿ ಐ-ಲೀಗ್‌ನಿಂದ ಕೆಳಗೆ ಬಿದ್ದಿದ್ದ ತಂಡ ಅದು. ಗೋವಾದ ಕ್ಲಬ್‌ಗಳು ಲೀಗ್ ಬಿಟ್ಟಿದ್ದರಿಂದ ಮತ್ತೆ ಜಾಗ ಸಿಕ್ಕಿತ್ತು. ಆ ತಂಡ 2016-17ರಲ್ಲಿ ಚಾಂಪಿಯನ್ ಆಯಿತು! ಐಜ್ವಾಲ್‌ಗೆ 37 ಪಾಯಿಂಟ್, ಮೋಹನ್ ಬಗಾನ್‌ಗೆ 36. ಕೊನೆಯ ದಿನ ಶಿಲ್ಲಾಂಗ್ ಲಾಜಾಂಗ್ ಎದುರು 1-1. ಈಶಾನ್ಯದ ತಂಡವೊಂದು ದೇಶದ ಲೀಗ್ ಗೆದ್ದಿದ್ದು ಅದೇ ಮೊದಲು.

ಎಲ್ಲರೂ ಐಜ್ವಾಲ್ ಕಥೆಯನ್ನು ಪವಾಡ ಅನ್ನುತ್ತಾರೆ. ಆ ಕಪ್ ಬಂದಿದ್ದು ಮುಂಬೈಯ ಏಳು ವರ್ಷಗಳಿಂದ ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾರೂ ನೋಡದ ವರ್ಷಗಳು ಅವು. ಆಡಿದವನು ಕೋಚ್ ಆಗುವುದು ಅಲ್ಲಿ. ನೀವು ಏನು ಹೇಳುತ್ತೀರಿ? ನಮ್ಮ ಜಿಲ್ಲೆಯಲ್ಲಿ ಇಷ್ಟು ಜನ ಆಡಿದ್ದಾರೆ, ಆಡಿಸುವವರು ಯಾಕೆ ಇಷ್ಟು ಕಡಿಮೆ?

ಉಳ್ಳಾಲ ಕೀಪರ್:

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಸಂಬಳ ಇಲ್ಲ. ಸೆವೆನ್ಸ್ (ಏಳೇಳು ಜನರ ಆಟ) ಆಡಲು ಕಾಸರಗೋಡಿನ ಕಡೆ ಹೋದರೆ ಒಂದು ಮ್ಯಾಚ್‌ಗೆ ಕೈಗೆ ದುಡ್ಡು ಸಿಗುತ್ತದೆ. ಹುಡುಗರಿಗೆ ಕಲಿಸಿದರೆ ಕಿಸೆಯಿಂದ ಚೆಂಡು ತರಬೇಕು. ಮನೆಯಲ್ಲಿ ಯಾರು ಒಪ್ಪುತ್ತಾರೆ?

ಖಾಲಿದ್ ಬಗ್ಗೆ ಗೌರವ ಇದೆ. ಆದರೆ ಭಾರತ ತಂಡಕ್ಕೆ ಆಡಿದ ಹೆಸರು ಇತ್ತಲ್ಲ, ಅದಕ್ಕೇ ಆಟ ಬಿಟ್ಟ ವರ್ಷವೇ ಕೋಚ್ ಕುರ್ಚಿ ಸಿಕ್ಕಿತು. ನಮ್ಮ ನಿಮ್ಮಂಥವರಿಗೆ ಯಾರು ಕೊಡುತ್ತಾರೆ ಮಾರಾಯ್ರೆ?

ಮಣಿಪಾಲ ಗ್ಯಾಲರಿ:

ಹೆಸರಿನಿಂದ ಕುರ್ಚಿ ಸಿಗುತ್ತದೆ, ನಿಜ. ಕುರ್ಚಿ ಉಳಿಯುವುದು ಹೆಸರಿನಿಂದ ಅಲ್ಲ. ಮರಡೋನಾಗಿಂತ ದೊಡ್ಡ ಹೆಸರು ಬೇಕಾ? 2010ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾಕ್ಕೆ ಅವರೇ ಕೋಚ್. ಮೆಸ್ಸಿ ಟೀಮಿನಲ್ಲಿದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ 4-0 ಹೊಡೆಯಿತು. ಗ್ಯಾರಿ ನೆವಿಲ್ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಎಲ್ಲವನ್ನೂ ಗೆದ್ದವರು. ಟಿವಿಯಲ್ಲಿ ಆಟವನ್ನು ಬಿಡಿಸಿ ಹೇಳಿದರೆ ಕೇಳುತ್ತಾ ಕೂರಬೇಕು ಅನಿಸುತ್ತದೆ. 2015ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾಕ್ಕೆ ಕೋಚ್ ಆಗಿ ಹೋದರು. ಬಾರ್ಸಿಲೋನಾ ಎದುರು 7-0 ಸೋಲು, ಮಾರ್ಚ್ ಮುಗಿಯುವ ಮೊದಲೇ ಕೆಲಸ ಹೋಯಿತು. ಫ್ರಾನ್ಸ್‌ನ ದೊಡ್ಡ ಆಟಗಾರ ಥಿಯರಿ ಆನ್ರಿ ಕೋಚ್ ಆಗಿ ಮೊನಾಕೊದಲ್ಲಿ ನಿಂತಿದ್ದು 2018ರ ಅಕ್ಟೋಬರ್‌ನಿಂದ 2019ರ ಜನವರಿವರೆಗೆ ಮಾತ್ರ.

ಆಟ ಅರ್ಥ ಆಗುವುದು ಒಂದು. ಅದನ್ನು ಇನ್ನೊಬ್ಬನ ಕಾಲಿಗೆ ತಲುಪಿಸುವುದು ಇನ್ನೊಂದು. ಎರಡಕ್ಕೂ ನಡುವೆ ತುಂಬಾ ದೂರ ಇದೆ.

ಈಗ ಇನ್ನೊಂದು ತುದಿ ನೋಡಿ. ಅರಿಗೊ ಸಾಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ. ಅಪ್ಪನ ಶೂ ವ್ಯಾಪಾರದಲ್ಲಿದ್ದವರು. 1987ರಲ್ಲಿ ಎಸಿ ಮಿಲಾನ್‌ಗೆ ಬಂದಾಗ ಇಟಲಿಯ ಪತ್ರಿಕೆಗಳು ಇವರು ಯಾರು ಅಂತ ಕೇಳಿದವು. ಕುದುರೆ ಸವಾರ ಆಗಲು ಮೊದಲು ಕುದುರೆಯಾಗಿ ಹುಟ್ಟಿರಬೇಕು ಅಂತ ಗೊತ್ತಿರಲಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. 1989 ಮತ್ತು 1990ರಲ್ಲಿ ಮಿಲಾನ್ ಯುರೋಪಿನ ಕಪ್ ಗೆದ್ದಿತು.

ಆ ಮಿಲಾನ್ ತಂಡದ ಮಧ್ಯದಲ್ಲಿ ಆಡುತ್ತಿದ್ದವರು ಕಾರ್ಲೊ ಆಂಚಲೊಟ್ಟಿ. ಅವರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಮಂಡಿ ಕೈಕೊಟ್ಟ ಮಿಡ್‌ಫೀಲ್ಡರ್ ಅವರೂ ಹೌದು.

ಬೆಂಗ್ರೆ ಹಳೇ ಡಿಫೆಂಡರ್:

ನಿಮ್ಮ ಯುರೋಪ್ ಇರಲಿ ತಮ್ಮಾ. ನಮ್ಮ ದೇಶದಲ್ಲೇ ಪಿ.ಕೆ. ಬ್ಯಾನರ್ಜಿ ಇದ್ದರಲ್ಲ. ಹೊಸ ಹುಡುಗರಿಗೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಪಿ.ಕೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ಭಾರತ ತಂಡದಲ್ಲಿದ್ದರು. 1960ರ ರೋಮ್ ಒಲಿಂಪಿಕ್ಸ್‌ಗೆ ಅವರೇ ಕ್ಯಾಪ್ಟನ್. ಫ್ರಾನ್ಸ್ ಎದುರು 1-1 ಆದಾಗ ಆ ಗೋಲು ಅವರದ್ದೇ. 1962ರಲ್ಲಿ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್, ದಕ್ಷಿಣ ಕೊರಿಯಾ ಎದುರು 2-1 ಗೆಲುವು. ಒಂದು ಗೋಲು ಪಿ.ಕೆ., ಇನ್ನೊಂದು ಜರ್ನೈಲ್ ಸಿಂಗ್. ಜರ್ನೈಲ್ ಅಸಲಿಗೆ ಡಿಫೆಂಡರ್. ತಲೆಗೆ ಹೊಲಿಗೆ ಹಾಕಿಸಿಕೊಂಡು ಫಾರ್ವರ್ಡ್ ಜಾಗದಲ್ಲಿ ಆಡಿದರು. ಆ ಧೈರ್ಯದ ನಿರ್ಧಾರ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರದ್ದು.

ಪಿ.ಕೆ. ಆಟ ಬಿಟ್ಟ ಮೇಲೆ ಏನು ಮಾಡಿದರು ಗೊತ್ತಾ? 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ಭಾರತಕ್ಕೆ ಕೋಚ್ ಆಗಿದ್ದರು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಸಿಕ್ಕ ಕೊನೆಯ ಪದಕ ಅದು. ಆಮೇಲೆ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್. 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು 5-0. ಮರುವರ್ಷ ಅದೇ ಮೋಹನ್ ಬಗಾನ್‌ಗೆ ಹೋದರು. 1977ರಲ್ಲಿ ಪೆಲೆ ಕಾಸ್ಮೋಸ್ ತಂಡದ ಜೊತೆ ಈಡನ್ ಗಾರ್ಡನ್ಸ್‌ಗೆ ಬಂದಾಗ ಮೋಹನ್ ಬಗಾನ್ 2-2 ಮಾಡಿಕೊಂಡಿತು. ಬೆಂಚಿನಲ್ಲಿ ಪಿ.ಕೆ.!

ಇಪ್ಪತ್ತು ವರ್ಷದ ನಂತರವೂ ಅವರ ಬುದ್ಧಿ ಮೊಂಡಾಗಿರಲಿಲ್ಲ. 1997ರ ಫೆಡರೇಷನ್ ಕಪ್ ಸೆಮಿಫೈನಲ್. ಮೋಹನ್ ಬಗಾನ್‌ಗೆ ಅಮಲ್ ದತ್ತ ಕೋಚ್, ಅವರ ಡೈಮಂಡ್ ಪದ್ಧತಿಯದ್ದೇ ಎಲ್ಲ ಕಡೆ ಮಾತು. ಪಿ.ಕೆ. ಈಸ್ಟ್ ಬೆಂಗಾಲ್‌ನಲ್ಲಿ. ಸಾಲ್ಟ್ ಲೇಕ್‌ನಲ್ಲಿ ಲಕ್ಷಕ್ಕೂ ಹೆಚ್ಚು ಜನ. ಭೈಚುಂಗ್ ಭುಟಿಯಾ ಹ್ಯಾಟ್ರಿಕ್, 4-1. ಅಮಲ್ ದತ್ತ ಕೂಡ ಆಡಿ ಬಂದವರೇ, ಇಂಗ್ಲೆಂಡಿಗೆ ಹೋಗಿ ಕೋಚಿಂಗ್ ಕಲಿತು ಬಂದವರು. ಒಬ್ಬರು ಬೋರ್ಡಿನ ಮೇಲೆ ಬರೆದು ತಂಡ ಕಟ್ಟುವವರು, ಇನ್ನೊಬ್ಬರು ಹುಡುಗರ ಕಿವಿಯಲ್ಲಿ ಮಾತಾಡಿ ತಂಡ ಕಟ್ಟುವವರು. ಪಿ.ಕೆ. ಮಾತಿಗೆ ಕಲ್ಕತ್ತಾದವರು ವೋಕಲ್ ಟಾನಿಕ್ ಅಂತಲೇ ಹೆಸರಿಟ್ಟಿದ್ದರು.

ಬಂದರಿನ ತಮ್ಮನಿಗೆ ನಾನು ಹೇಳುವುದು ಒಂದೇ. ನಮ್ಮ ಹುಡುಗರಿಗೆ ಕಾಲು ಚೆನ್ನಾಗಿದೆ. ಮರಳಲ್ಲಿ ಓಡಿ ಬೆಳೆದವರು, ಒಂದು ಕಡೆ ಫಲ್ಗುಣಿ ಹೊಳೆ, ಒಂದು ಕಡೆ ಸಮುದ್ರ. ಅವರಿಗೆ ಬೇಕಿರುವುದು ಮಾತಾಡುವವರು. ಸೋತ ದಿನ ಪಕ್ಕದಲ್ಲಿ ಕೂರುವವರು. ನೀನು ಆಡಿದವನು, ಸೋಲು ಹೇಗಿರುತ್ತದೆ ಅಂತ ನಿನಗೆ ಗೊತ್ತು. ಒಪ್ಪಿಕೋ.

ಉಡುಪಿ ಪಿಟಿ ಟೀಚರ್:

ಹಿರಿಯರು ರಹೀಮ್ ಅವರ ಹೆಸರು ತೆಗೆದಿದ್ದು ತುಂಬಾ ಖುಷಿಯಾಯಿತು. ಅವರು ಹೈದರಾಬಾದಿನಲ್ಲಿ ಶಾಲಾ ಮಾಸ್ಟ್ರು ಆಗಿದ್ದವರು ಎಂಬುದನ್ನೂ ಸೇರಿಸಿ. 1951 ಮತ್ತು 1962, ಎರಡೂ ಏಷ್ಯನ್ ಗೇಮ್ಸ್ ಚಿನ್ನ ಅವರ ಕೈಯಲ್ಲೇ ಬಂದವು. 1962ರಲ್ಲಿ ಕ್ಯಾನ್ಸರ್ ಅವರ ಮೈಯಲ್ಲಿತ್ತು, ಮರುವರ್ಷ ತೀರಿಕೊಂಡರು. ಅಂಥವರ ಬಗ್ಗೆ ನಮ್ಮ ಶಾಲೆಯ ಮಕ್ಕಳಿಗೆ ಒಂದು ಸಾಲೂ ಗೊತ್ತಿಲ್ಲ.

ರಹೀಮ್ ಮಾಸ್ಟ್ರು ದುರ್ಬಲ ಕಾಲಿನಲ್ಲಿ ಮಾತ್ರ ಆಡುವ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಡ್ರಿಬಲ್ ಮಾಡದೆ ಆಡುವ ಪಂದ್ಯಗಳನ್ನೂ. ಇದನ್ನು ನಾನು ಹೆಣ್ಣುಮಕ್ಕಳ ತಂಡದಲ್ಲಿ ಮಾಡಿಸುತ್ತೇನೆ. ಬಲಗಾಲಿನ ಹುಡುಗಿ ಎಡಗಾಲಿನಲ್ಲಿ ಮಾತ್ರ ಆಡಬೇಕು ಅಂದರೆ ಮೊದಲು ಎಲ್ಲರೂ ನಗುತ್ತಾರೆ. ಸ್ವಲ್ಪ ಹೊತ್ತಿಗೆ ನಗು ನಿಲ್ಲುತ್ತದೆ, ಎಲ್ಲರೂ ತಲೆ ಎತ್ತಿ ಜೊತೆಗಾರರನ್ನು ಹುಡುಕಲು ಶುರು ಮಾಡುತ್ತಾರೆ. ತಾನೊಬ್ಬಳೇ ಚೆಂಡು ತೆಗೆದುಕೊಂಡು ಹೋಗಲು ಆಗುವುದಿಲ್ಲವಲ್ಲ! ಪಾಸ್ ಮಾಡಿ ಅಂತ ನೂರು ಸಲ ಕೂಗಿದರೂ ಬಾರದ್ದು ಒಂದು ನಿಯಮದಿಂದ ಬರುತ್ತದೆ. ಕೋಚ್ ಕೆಲಸ ಅಂದರೆ ನನ್ನ ಪ್ರಕಾರ ಇದೇ. ಕೂಗುವುದು ಕಡಿಮೆ ಆಗಬೇಕು, ಆಟದ ನಿಯಮವೇ ಕಲಿಸಬೇಕು.

ಆಡಿ ಬಂದ ಅಣ್ಣಂದಿರು ಶಾಲೆಗೆ ಬಂದಾಗ ನಾನು ನೋಡುವ ತೊಂದರೆ ಒಂದಿದೆ. ಅವರು ಮಾಡಿ ತೋರಿಸುತ್ತಾರೆ, ಚೆನ್ನಾಗಿಯೇ ತೋರಿಸುತ್ತಾರೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಆದರೆ ಆ ಒಂದು ಗಂಟೆಯಲ್ಲಿ ಚೆಂಡು ಅಣ್ಣನ ಕಾಲಲ್ಲೇ ಜಾಸ್ತಿ ಇರುತ್ತದೆ. ಬಂದರು ಅವರೇ, ಚೆಂಡು ಹುಡುಗರ ಕಾಲಲ್ಲಿರಲಿ.

ಇನ್ನೊಂದು ಮಾತು. ಇಲ್ಲಿ ಎಲ್ಲರೂ ಅವರು, ಇವರು ಅಂತ ಗಂಡಸರ ಹೆಸರನ್ನೇ ಹೇಳುತ್ತಿದ್ದೀರಿ. ಗೋವಾದ ಮೇಮೋಲ್ ರಾಕಿ ಭಾರತಕ್ಕೆ ಆಡಿ, ಆಮೇಲೆ 2017ರಿಂದ ನಾಲ್ಕು ವರ್ಷ ಭಾರತದ ಮಹಿಳಾ ತಂಡಕ್ಕೇ ಕೋಚ್ ಆಗಿದ್ದರು. ಆಟ ಬಿಟ್ಟ ಹುಡುಗಿಯರನ್ನೂ ಈ ಕೆಲಸಕ್ಕೆ ಕರೆಯಿರಿ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಗ್ರೌಂಡಿಗೆ ಕಳಿಸುವ ಮೊದಲು ತಾಯಂದಿರು ಕೇಳುವುದು ಒಂದೇ ಪ್ರಶ್ನೆ, ಅಲ್ಲಿ ಟೀಚರ್ ಯಾರಾದರೂ ಇರುತ್ತಾರಾ ಅಂತ.

ಬಂದರು ಮಿಡ್‌ಫೀಲ್ಡರ್:

ಟೀಚರ್, ಎಡಗಾಲಿನ ಆಟವನ್ನು ಖಂಡಿತ ಮಾಡಿಸುತ್ತೇನೆ. ತುಂಬಾ ಥ್ಯಾಂಕ್ಸ್. ಮಣಿಪಾಲದವರೇ, ಆಂಚಲೊಟ್ಟಿ ಬಗ್ಗೆ ಬರೆಯಿರಿ, ಕಾಯುತ್ತಿದ್ದೇನೆ.

ಮಣಿಪಾಲ ಗ್ಯಾಲರಿ:

ಬರೆಯುತ್ತೇನೆ. ನನಗೆ ಇವರ ಕಥೆ ಎಲ್ಲರಿಗಿಂತ ಇಷ್ಟ.

ಆಂಚಲೊಟ್ಟಿ 1959ರಲ್ಲಿ ರೆಜ್ಜೊಲೊ ಎಂಬ ಊರಿನ ರೈತರ ಮನೆಯಲ್ಲಿ ಹುಟ್ಟಿದವರು. ಪಾರ್ಮಾ, ಆಮೇಲೆ ರೋಮಾ. ಮಂಡಿ ಗಾಯದಿಂದ 1982ರ ವಿಶ್ವಕಪ್ ತಪ್ಪಿಹೋಯಿತು. ಆ ವರ್ಷ ಕಪ್ ಗೆದ್ದಿದ್ದು ಇಟಲಿಯೇ, ಎಷ್ಟು ನೋವಾಗಿರಬೇಕು ಯೋಚಿಸಿ. 1987ರಲ್ಲಿ ಸಾಕಿ ಇವರನ್ನು ಮಿಲಾನ್‌ಗೆ ಕರೆಸಿಕೊಂಡರು. ಮಂಡಿ ನೋಡಿ ಮಾಲೀಕರಿಗೆ ಅನುಮಾನ, ಸಾಕಿಗೆ ಇವರ ತಲೆಯ ಮೇಲೆ ನಂಬಿಕೆ. 1992ರಲ್ಲಿ ಆಟ ನಿಲ್ಲಿಸಿದ ಮೇಲೆ ಮಾಡಿದ ಮೊದಲ ಕೆಲಸ ಇಟಲಿ ತಂಡದಲ್ಲಿ ಅದೇ ಸಾಕಿಗೆ ಸಹಾಯಕ. 1994ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ಎದುರು ಪೆನಾಲ್ಟಿಯಲ್ಲಿ ಸೋತ ಇಟಲಿಯ ಬೆಂಚಿನಲ್ಲಿ ಆಂಚಲೊಟ್ಟಿ ಇದ್ದರು.

ಮುಖ್ಯ ಕೋಚ್ ಆಗಿದ್ದು ಎರಡನೇ ದರ್ಜೆಯ ರೆಜ್ಜಾನಾದಲ್ಲಿ. ಒಂದೇ ಸೀಸನ್, 1996ರಲ್ಲಿ ತಂಡವನ್ನು ಮೇಲಿನ ಲೀಗ್‌ಗೆ ತಂದರು. ಮುಂದೆ ಪಾರ್ಮಾ. ಮೊದಲ ಸೀಸನ್‌ನಲ್ಲೇ ಎರಡನೇ ಸ್ಥಾನ. ಬಂದರು ಅವರು ಗಮನ ಕೊಡಬೇಕಾದ ಜಾಗ ಇದೇ. 1997ರಲ್ಲಿ ಇಟಲಿಯ ದೊಡ್ಡ ಆಟಗಾರ ರಾಬರ್ಟೊ ಬ್ಯಾಜಿಯೊ ಪಾರ್ಮಾಕ್ಕೆ ಬರಲು ತಯಾರಿದ್ದರು. ಆಂಚಲೊಟ್ಟಿ ಬೇಡ ಎಂದರು. ಸಾಕಿ ಹತ್ತಿರ ಕಲಿತ 4-4-2ರಲ್ಲಿ (ಹಿಂದೆ ನಾಲ್ವರು, ಮಧ್ಯದಲ್ಲಿ ನಾಲ್ವರು, ಮುಂದೆ ಇಬ್ಬರು) ಅಂಥ ಆಟಗಾರನಿಗೆ ಜಾಗ ಇರಲಿಲ್ಲ. ಬ್ಯಾಜಿಯೊ ಬೊಲೊನ್ಯಾಕ್ಕೆ ಹೋಗಿ ಆ ಸೀಸನ್‌ನ ಲೀಗ್‌ನಲ್ಲಿ 22 ಗೋಲು ಹೊಡೆದರು. ಅದು ತಪ್ಪು ನಿರ್ಧಾರ ಅಂತ ಆಂಚಲೊಟ್ಟಿ ಆಮೇಲೆ ಬಾಯಿಬಿಟ್ಟು ಹೇಳಿದ್ದಾರೆ.

ಮುಂದೆ ಯುವೆಂಟಸ್‌ಗೆ ಹೋದಾಗ ಅಲ್ಲಿ ಜಿದಾನ್ ಇದ್ದರು. ಈ ಸಲ ಜಿದಾನ್‌ಗೆ ತಕ್ಕಂತೆ ಪದ್ಧತಿಯನ್ನೇ ಬದಲಿಸಿದರು. ಮಿಲಾನ್‌ನಲ್ಲಿ ಮಿಡ್‌ಫೀಲ್ಡರ್ ಪಿರ್ಲೊ ಅವರನ್ನು ಡಿಫೆನ್ಸ್ ಮುಂದೆ ಆಳದಲ್ಲಿ ನಿಲ್ಲಿಸಿ, ಅಲ್ಲಿಂದ ಇಡೀ ಆಟ ಹೊರಡುವ ಹಾಗೆ ಮಾಡಿದರು. 2003, 2007ರಲ್ಲಿ ಚಾಂಪಿಯನ್ಸ್ ಲೀಗ್ ಬಂತು. ನಡುವೆ 2005ರಲ್ಲಿ ಇಸ್ತಾಂಬುಲ್‌ನಲ್ಲಿ ಅರ್ಧ ಆಟಕ್ಕೆ 3-0 ಮುಂದಿದ್ದು ಲಿವರ್‌ಪೂಲ್‌ಗೆ ಸೋತರು. ಎರಡು ವರ್ಷ ಬಿಟ್ಟು ಅದೇ ಲಿವರ್‌ಪೂಲನ್ನು ಫೈನಲ್‌ನಲ್ಲಿ 2-1 ಸೋಲಿಸಿದರು. ರಿಯಲ್ ಮ್ಯಾಡ್ರಿಡ್ ಜೊತೆ 2014, 2022, 2024. ಕೋಚ್ ಆಗಿ ಐದು ಚಾಂಪಿಯನ್ಸ್ ಲೀಗ್ ಬೇರೆ ಯಾರಿಗೂ ಇಲ್ಲ. ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್, ಐದೂ ದೇಶದ ಲೀಗ್ ಗೆದ್ದ ಮೊದಲ ಕೋಚ್ ಕೂಡ ಅವರೇ. 2025ರಲ್ಲಿ ಬ್ರೆಜಿಲ್ ತಂಡಕ್ಕೆ ಕೋಚ್ ಆದರು.

ಆಡಿದವರ ದೊಡ್ಡ ತೊಡಕು ಇದು ಅಂತ ನನಗೆ ಅನಿಸುತ್ತದೆ. ತಾವು ಆಡಿದ ರೀತಿಯೇ ಸರಿಯಾದ ರೀತಿ ಅಂತ ಮನಸ್ಸಿನಲ್ಲಿ ಕೂತಿರುತ್ತದೆ. ಆಂಚಲೊಟ್ಟಿಯ ದೊಡ್ಡತನ ಇರುವುದು ಅದನ್ನು ಬಿಟ್ಟುಕೊಟ್ಟದ್ದರಲ್ಲಿ. ನಿಮ್ಮ ಕೈಗೆ ಬರುವ ಹದಿನೈದು ಇಪ್ಪತ್ತು ಹುಡುಗರಲ್ಲಿ ಒಬ್ಬನಾದರೂ ನಿಮ್ಮ ಪದ್ಧತಿಗೆ ಹೊಂದದವನು ಇದ್ದೇ ಇರುತ್ತಾನೆ. ಅವನನ್ನು ಕಳೆದುಕೊಳ್ಳಬೇಡಿ.

ಕಾಪು ಕಡಲು:

ನನ್ನ ಮಗ ಹದಿಮೂರು ವರ್ಷದವನು, ಇಂಥ ಹೊಂದದ ಹುಡುಗ. ಓಡುವುದು ನಿಧಾನ. ಪಾಸ್ ಮಾತ್ರ ಯಾರಿಗೂ ಕಾಣದ ಜಾಗಕ್ಕೆ ಕೊಡುತ್ತಾನೆ. ಟೂರ್ನಮೆಂಟ್ ಬಂದಾಗ ಅವನನ್ನು ಹೊರಗೆ ಕೂರಿಸುತ್ತಾರೆ. ಮೇಲಿನ ಬರಹವನ್ನು ಅವನಿಗೆ ಓದಿ ಹೇಳಿದೆ. ಪಿರ್ಲೊ ಯಾರು ಅಂತ ಕೇಳಿ ವಿಡಿಯೊ ನೋಡುತ್ತಾ ಕೂತಿದ್ದಾನೆ.

ಉಳ್ಳಾಲ ಕೀಪರ್:

ಆಂಚಲೊಟ್ಟಿ ಕಥೆ ಚೆನ್ನಾಗಿದೆ. ಆದರೆ ನಾವು ಮಾತು ಶುರು ಮಾಡಿದ್ದು ಖಾಲಿದ್‌ರಿಂದ. ಅಲ್ಲಿಗೆ ಬರೋಣ. 2025ರ ಆಗಸ್ಟ್‌ನಲ್ಲಿ ಭಾರತ ತಂಡಕ್ಕೆ ಕೋಚ್ ಆದರು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಾಪುರ ಎದುರು 2-1 ಸೋಲು. 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರೂ ಸೋತೆವು. ಇದನ್ನು ಯಶಸ್ಸು ಅನ್ನುವುದು ಹೇಗೆ? ನಾನು ದೇಶದ ತಂಡವನ್ನು ಪ್ರೀತಿಸುವವನು, ಆ ರಾತ್ರಿ ಊಟ ಸೇರಲಿಲ್ಲ.

ಬಂದರು ಮಿಡ್‌ಫೀಲ್ಡರ್:

ಆ ನೋವು ನನಗೂ ಇದೆ ಭಾಯಿ. ಆದರೂ ಪೂರ್ತಿ ಲೆಕ್ಕ ನೋಡಿ. ಆ ಅರ್ಹತಾ ಸುತ್ತಿನ ಮೊದಲ ಪಂದ್ಯಗಳು ಅವರು ಬರುವ ಮೊದಲೇ ಮುಗಿದಿದ್ದವು. ಮಾರ್ಚ್‌ನಲ್ಲಿ ಬಾಂಗ್ಲಾದೇಶದ ಎದುರು ಗೋಲಿಲ್ಲದ ಡ್ರಾ, ಜೂನ್‌ನಲ್ಲಿ ಹಾಂಗ್‌ಕಾಂಗ್ ಎದುರು ಸೋಲು. ಬಂದ ಕೂಡಲೇ ಮಧ್ಯ ಏಷ್ಯಾದ ಟೂರ್ನಮೆಂಟ್ ಕಾಫಾ ನೇಷನ್ಸ್ ಕಪ್‌ಗೆ ಹೋದರು. ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1 ಸೋಲಿಸಿದರು. ಮೂರನೇ ಸ್ಥಾನದ ಪಂದ್ಯದಲ್ಲಿ ಒಮಾನ್ ಎದುರು 1-1 ಆಗಿ ಪೆನಾಲ್ಟಿಯಲ್ಲಿ ಗೆದ್ದರು. ಅಲ್ಲಿ ಹೀರೊ ನಿಮ್ಮವರೇ, ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು!

ಕ್ಲಬ್ ಕಡೆಯ ಕೆಲಸವೂ ಹೀಗೆಯೇ ಏರಿಳಿತದ್ದು. 2020-21ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ನಾರ್ತ್‌ಈಸ್ಟ್ ಯುನೈಟೆಡ್ ಸೀಸನ್ ನಡುವೆ ವಿದೇಶಿ ಕೋಚನ್ನು ಕಳಿಸಿತು. ಸಹಾಯಕರಾಗಿದ್ದ ಖಾಲಿದ್ ಕೈಗೆ ತಂಡ ಬಂತು. ಲೀಗ್‌ನಲ್ಲಿ ಉಳಿದ ಒಂದು ಪಂದ್ಯವನ್ನೂ ಸೋಲದೆ ಸೆಮಿಫೈನಲ್‌ಗೆ ತಂದರು. ಐಎಸ್‌ಎಲ್‌ನಲ್ಲಿ ಅಷ್ಟು ದೂರ ತಂಡ ತಂದ ಮೊದಲ ಭಾರತೀಯ ಕೋಚ್. ಮುಂದಿನ ಸೀಸನ್‌ನಲ್ಲಿ ಅದೇ ತಂಡ ಕೆಳಗಿನಿಂದ ಎರಡನೆಯದು. ಆಮೇಲೆ ಜಮ್‌ಶೆಡ್‌ಪುರಕ್ಕೆ ಹೋಗಿ 2024-25ರಲ್ಲಿ ಮತ್ತೆ ಸೆಮಿಫೈನಲ್. ನಾನು ಇವರಲ್ಲಿ ನೋಡುವ ಯಶಸ್ಸು ಇದು. ಸೋತ ಮೇಲೆ ಸಣ್ಣ ಕೆಲಸವಾದರೂ ಸೈ ಅಂತ ಹೋಗಿ ಮತ್ತೆ ಕಟ್ಟುವುದು.

ಬೆಂಗ್ರೆ ಹಳೇ ಡಿಫೆಂಡರ್:

ಸರಿಯಾಗಿ ಹೇಳಿದೆ. ನಮ್ಮವರಿಗೆ ಕೋಚ್ ಕುರ್ಚಿ ಅಂದರೆ ವಿದೇಶಿಗರಿಗೆ ಅಂತಲೇ ಆಗಿತ್ತು. 2011-12ರ ಸಾವಿಯೊ ಮೆದೇರಾ ಆದ ಮೇಲೆ ದೇಶದ ತಂಡಕ್ಕೆ ಭಾರತೀಯ ಕೋಚ್ ಇವರೇ. ಈಗ ಬಾಗಿಲು ಸ್ವಲ್ಪ ತೆರೆದಿದೆ. ಕ್ಲಿಫರ್ಡ್ ಮಿರಾಂಡ ಡೆಂಪೊಗೆ ವಿಂಗ್‌ನಲ್ಲಿ ಆಡುತ್ತಿದ್ದ ಹುಡುಗ. 2023ರಲ್ಲಿ ಒಡಿಶಾ ಎಫ್‌ಸಿಗೆ ತಾತ್ಕಾಲಿಕ ಕೋಚ್ ಆಗಿ ಸೂಪರ್ ಕಪ್ ಗೆದ್ದ. ಫೈನಲ್‌ನಲ್ಲಿ ಸೋತಿದ್ದು ನಮ್ಮ ಬೆಂಗಳೂರು ಎಫ್‌ಸಿ, ಆದರೂ ಖುಷಿಪಟ್ಟೆ. ಬೆಂಗಳೂರು ಎಫ್‌ಸಿಯ ಎರಡನೇ ತಂಡದಲ್ಲಿ ವರ್ಷಗಟ್ಟಲೆ ಹುಡುಗರನ್ನು ತಯಾರು ಮಾಡಿದ ನೌಷಾದ್ ಮೂಸಾ 2025ರಲ್ಲಿ ಭಾರತದ 23ರ ಒಳಗಿನವರ ತಂಡಕ್ಕೆ ಬಂದರು. ಇವರೆಲ್ಲ ಆಡಿದವರೇ.

ನಮ್ಮ ಕರ್ನಾಟಕವೂ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2 ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತಲ್ಲ, 54 ವರ್ಷದ ಮೇಲೆ. ಆ ತಂಡದ ಆಟಗಾರರು ನಾಳೆ ಆಟ ನಿಲ್ಲಿಸುತ್ತಾರೆ. ಅವರನ್ನು ಆಡಿಸುವವರನ್ನಾಗಿ ಮಾಡಲು ಈಗಲೇ ಯೋಚಿಸಬೇಕು.

ಸುರತ್ಕಲ್ ಟಚ್‌ಲೈನ್:

ನಾನು ಮಕ್ಕಳ ಅಕಾಡೆಮಿಯಲ್ಲಿ ಕಲಿಸುತ್ತೇನೆ, ಕೋಚಿಂಗ್‌ನ ಸಿ ಲೈಸೆನ್ಸ್ ಆಗಿದೆ. ಬಂದರು ಅವರಿಗೆ ಉಪಯೋಗದ ಮಾತು ಹೇಳುತ್ತೇನೆ.

ಆಡಿದ ಅನುಭವ ಎಷ್ಟೇ ಇರಲಿ, ಲೈಸೆನ್ಸ್ ದಾರಿ ಹಿಡಿಯಿರಿ. ಮೊದಲು ಡಿ, ಆಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. ಐಎಸ್‌ಎಲ್ ತಂಡಕ್ಕೆ ಮುಖ್ಯ ಕೋಚ್ ಆಗಬೇಕಾದರೆ ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ಪ್ರೊ ಲೈಸೆನ್ಸ್ ಬೇಕು. ಖಾಲಿದ್ ಹತ್ತಿರ ಅದು ಇತ್ತು. ಹಾಗಾಗಿಯೇ ಅವಕಾಶ ಬಂದ ದಿನ ಯಾರೂ ಕಾಗದದ ನೆಪ ಹೇಳಲು ಆಗಲಿಲ್ಲ. ನಮ್ಮಲ್ಲಿ ಎಷ್ಟೋ ಒಳ್ಳೆಯ ಆಟಗಾರರು ಇಲ್ಲೇ ಸಿಕ್ಕಿಬೀಳುತ್ತಾರೆ. ತರಗತಿಯಲ್ಲಿ ಕೂರುವುದು, ಬರೆಯುವುದು, ಬೇರೆಯವರ ಎದುರು ಪ್ರಾಕ್ಟೀಸ್ ನಡೆಸಿ ತೋರಿಸುವುದು ಅಂದರೆ ಸಂಕೋಚ. ಒಮ್ಮೆ ಕೂತರೆ ಸಂಕೋಚ ಹೋಗುತ್ತದೆ.

ಡಿ ಕೋರ್ಸ್‌ನಲ್ಲಿ ಕಲಿಸುವುದು ಸಣ್ಣ ಮಕ್ಕಳ ಆಟ. ದೊಡ್ಡ ಪದ್ಧತಿ ಏನೂ ಇಲ್ಲ. ಎಷ್ಟು ಜಾಗದಲ್ಲಿ ಎಷ್ಟು ಮಕ್ಕಳನ್ನು ಆಡಿಸಬೇಕು, ಸಾಲಿನಲ್ಲಿ ನಿಲ್ಲಿಸಿ ಕಾಯಿಸದೆ ಎಲ್ಲರಿಗೂ ಚೆಂಡು ಸಿಗುವ ಹಾಗೆ ಹೇಗೆ ಮಾಡಬೇಕು, ಇಂಥವು. ಟೀಚರ್ ಮೇಲೆ ಹೇಳಿದ್ದು ಅದೇ. ಉಳ್ಳಾಲದವರಿಗೂ ಒಂದು ಮಾತು, ಕೀಪರ್ ಕೋಚ್‌ಗಳಿಗೆ ಬೇರೆಯೇ ಲೈಸೆನ್ಸ್ ಇದೆ. ಒಳ್ಳೆಯ ಕೀಪರ್ ಕೋಚ್‌ಗಳು ಜಿಲ್ಲೆಯಲ್ಲಿ ತುಂಬಾ ಬೇಕು. ಸಂಬಳದ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ. ನಾನೂ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗುತ್ತೇನೆ. ಆದರೆ ಈಗ ಖಾಸಗಿ ಶಾಲೆಗಳು, ಟರ್ಫ್‌ಗಳು ಕೋಚ್ ಹುಡುಕುತ್ತಿವೆ. ಅವರು ಮೊದಲು ಕೇಳುವುದು ಲೈಸೆನ್ಸ್.

ಉಡುಪಿ ಪಿಟಿ ಟೀಚರ್:

ಟರ್ಫ್ ವಿಷಯದಲ್ಲಿ ನನಗೆ ಒಂದು ಬೇಸರ ಇದೆ. ಗಂಟೆಗೆ ಇಷ್ಟು ಅಂತ ದುಡ್ಡು ಕೊಡುವ ಮಕ್ಕಳಿಗೆ ಮಾತ್ರ ಕೋಚ್ ಸಿಗುತ್ತಾರೆ. ಅಜ್ಜರಕಾಡಿನಲ್ಲೋ ಮಲ್ಪೆಯ ಮರಳಿನಲ್ಲೋ ಬರಿಗಾಲಲ್ಲಿ ಆಡುವವರಿಗೆ ಯಾರೂ ಇಲ್ಲ. ಬಂದರಿನಂಥ ಊರ ತಂಡಗಳು ಉಳಿಯಬೇಕು ಅಂತ ನಾನು ಬಯಸುವುದು ಇದಕ್ಕೇ.

ಬೆಂಗ್ರೆ ಹಳೇ ಡಿಫೆಂಡರ್:

ಹೌದು ಟೀಚರ್. ಇನ್ನು ಕಾಲದ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಅಪ್ಪಂದಿರು, ಅಣ್ಣಂದಿರು ಎಲ್ಲ ದಡದಲ್ಲಿರುತ್ತಾರೆ. ಮಳೆಯಲ್ಲಿ ಗ್ರೌಂಡು ಕೆಸರಾದರೂ ನಮ್ಮ ಕಡೆ ಆಟ ನಿಲ್ಲುವುದಿಲ್ಲ. ಹುಡುಗರ ಮನೆಯವರನ್ನು ಒಪ್ಪಿಸಲು ಅದೇ ಒಳ್ಳೆಯ ಸಮಯ. ಆಗಸ್ಟ್ ಬಂದ ಮೇಲೆ ದೊಡ್ಡ ಹುಡುಗರಲ್ಲಿ ಕೆಲವರು ಬೋಟು ಹತ್ತುತ್ತಾರೆ, ಆಮೇಲೆ ಪ್ರಾಕ್ಟೀಸ್‌ಗೆ ಸಿಗುವುದು ಕಷ್ಟ. ಅವರನ್ನು ತಂಡದಿಂದ ತೆಗೆಯಬೇಡ. ಬಂದ ದಿನ ಆಡಲಿ.

ಬಂದರು ಮಿಡ್‌ಫೀಲ್ಡರ್:

ಎಲ್ಲರಿಗೂ ಮನಸ್ಸು ತುಂಬಿ ಥ್ಯಾಂಕ್ಸ್. ಹಿರಿಯರಿಗೆ ಒಪ್ಪಿದ್ದೇನೆ ಅಂತ ಹೇಳಿಬಿಟ್ಟೆ. ಡಿ ಲೈಸೆನ್ಸ್ ಕೋರ್ಸ್ ಹತ್ತಿರದಲ್ಲಿ ಎಲ್ಲಿ ನಡೆದರೂ ಹೋಗುತ್ತೇನೆ.

ಈಗ ಒಂದು ಗೊಂದಲ ಉಳಿದಿದೆ. ಹುಡುಗರಲ್ಲಿ ಮೂವರು ನಾಲ್ವರು ತುಂಬಾ ಚುರುಕು, ಉಳಿದವರು ಈಗಷ್ಟೇ ಕಲಿಯುತ್ತಿದ್ದಾರೆ. ಟೂರ್ನಮೆಂಟ್ ಗೆಲ್ಲಬೇಕು ಅಂತ ಹಿರಿಯರ ಆಸೆ. ಚುರುಕಿನವರಿಗೇ ಚೆಂಡು ಕೊಟ್ಟು ಗೆಲ್ಲಿಸುವುದಾ, ಎಲ್ಲರನ್ನೂ ಆಡಿಸುವುದಾ?

ಸುರತ್ಕಲ್ ಟಚ್‌ಲೈನ್:

ಹದಿನೇಳರ ಒಳಗೆ ಎಲ್ಲರನ್ನೂ ಆಡಿಸಿ. ಹಿರಿಯರಿಗೆ ಮೊದಲೇ ಹೇಳಿಬಿಡಿ, ಈ ವರ್ಷ ಕಪ್ ಕೇಳಬೇಡಿ ಅಂತ. ಪಂದ್ಯದ ದಿನ ಹೇಳಿದರೆ ಜಗಳ ಆಗುತ್ತದೆ.

ಬೆಂಗ್ರೆ ಹಳೇ ಡಿಫೆಂಡರ್:

ನಾನು ಇದನ್ನು ಒಪ್ಪುವುದಿಲ್ಲ. ಗೆಲುವಿನ ರುಚಿ ಇಲ್ಲದಿದ್ದರೆ ಹುಡುಗರು ಎರಡು ತಿಂಗಳಲ್ಲಿ ಕ್ರಿಕೆಟ್‌ಗೆ ಹೋಗುತ್ತಾರೆ. ಲೀಗ್ ಸುತ್ತಿನಲ್ಲಿ ಎಲ್ಲರೂ ಆಡಲಿ. ಸೆಮಿಫೈನಲ್ ಬಂದರೆ ನಿನ್ನ ಒಳ್ಳೆಯ ಹನ್ನೊಂದು ಜನರನ್ನು ಇಳಿಸು.

ಉಡುಪಿ ಪಿಟಿ ಟೀಚರ್:

ಪ್ರಾಕ್ಟೀಸ್‌ನಲ್ಲಿ ಆ ನಾಲ್ವರನ್ನು ನಾಲ್ಕು ಬೇರೆ ಬೇರೆ ಗುಂಪಿಗೆ ಹಾಕಿ. ಚುರುಕಿನವರು ಸಲಕ್ಕೆ ಎರಡು ಟಚ್‌ನಲ್ಲಿ ಚೆಂಡು ಬಿಟ್ಟುಕೊಡಬೇಕು, ಉಳಿದವರಿಗೆ ಎಷ್ಟಾದರೂ ಟಚ್. ಆಗ ಚುರುಕಿನವರೂ ಬೆಳೆಯುತ್ತಾರೆ, ಉಳಿದವರ ಕಾಲಿಗೂ ಚೆಂಡು ಹೋಗುತ್ತದೆ. ಕಾಪುವಿನ ಅಮ್ಮನೋ ಅಪ್ಪನೋ ಬರೆದಿದ್ದಾರಲ್ಲ, ಅಂಥ ನಿಧಾನದ ಹುಡುಗ ನಿಮ್ಮಲ್ಲಿದ್ದರೆ ಅವನನ್ನು ಮಧ್ಯದಲ್ಲಿ ನಿಲ್ಲಿಸಿ ನೋಡಿ. ಎರಡು ಟಚ್ ಆಟದಲ್ಲಿ ಅವನೇ ಎಲ್ಲರಿಗಿಂತ ಬೇಗ ಕಾಣಿಸಿಕೊಳ್ಳುತ್ತಾನೆ.

ಉಳ್ಳಾಲ ಕೀಪರ್:

ಕೀಪರ್‌ಗಳನ್ನು ಮಾತ್ರ ಈ ಗುಂಪುಗಳಲ್ಲಿ ಸುಮ್ನೆ ಗೋಲಿನಲ್ಲಿ ನಿಲ್ಲಿಸಬೇಡಿ. ಎಲ್ಲ ಕಡೆ ಅದೇ ಆಗುತ್ತದೆ, ಉಳಿದವರ ಶಾಟ್‌ಗೆ ಗೋಡೆಯ ಹಾಗೆ ನಿಂತು ಮನೆಗೆ ಹೋಗುತ್ತಾರೆ. ಬೀಳುವುದು ಹೇಗೆ ಅಂತ ಯಾರೂ ಕಲಿಸುವುದಿಲ್ಲ. ಕೆಸರಿನಲ್ಲಿ ಚೆಂಡು ಜಾರುತ್ತದೆ, ಹಿಡಿಯುವ ಬದಲು ಪಕ್ಕಕ್ಕೆ ತಳ್ಳಲು ಕಲಿಯಬೇಕು. ಕ್ರಾಸ್ ಬಂದಾಗ ಡಿಫೆಂಡರ್‌ಗೆ ಕೂಗಿ ಹೇಳಲು ಕಲಿಯಬೇಕು. ನಿಮ್ಮಲ್ಲಿ ಎಷ್ಟು ಕೀಪರ್ ಇದ್ದಾರೆ? ಭಾನುವಾರ ನನಗೆ ಕೆಲಸಕ್ಕೆ ರಜೆ, ನಾನೇ ಬರುತ್ತೇನೆ. ಅವರನ್ನು ಉಳಿದವರಿಗಿಂತ ಅರ್ಧ ಗಂಟೆ ಮೊದಲು ಕರೆಯಿರಿ, ಗ್ಲೌಸ್ ಇಲ್ಲದವರು ಎಷ್ಟು ಜನ ಅಂತಲೂ ತಿಳಿಸಿ. ನನ್ನ ಹತ್ತಿರ ಎರಡು ಜೊತೆ ಹಳೆಯವು ಚೆನ್ನಾಗಿವೆ.

ಬಂದರು ಮಿಡ್‌ಫೀಲ್ಡರ್:

ಮೂವರು ಇದ್ದಾರೆ ಭಾಯಿ. ಗ್ಲೌಸ್ ಒಬ್ಬನಿಗೆ ಮಾತ್ರ ಇದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೂವರೂ ಗ್ರೌಂಡಿನಲ್ಲಿರುತ್ತಾರೆ.